ಉಳಿದವರು ಏನಾದರು?

ಕ್ರೈಸ್ತ ಸಂತರ ಚರಿತ್ರೆ ಬರೆಯುವವರ ಮೇಲೆ ನನಗೆ ಬಹಳ ಕಾಲದ ತಕರಾರಿದೆ. ಅವರ ಕಥೆಯ ಮಗು ತೊಟ್ಟಿಲಲ್ಲೇ ಕೈ ಜೋಡಿಸುತ್ತದೆ, ಬೆಳೆದ ಮೇಲೆ ಒಮ್ಮೆಯೂ ಸಿಡುಕುವುದಿಲ್ಲ, ಕಾಯಿಲೆ ಬಂದರೆ ಮುಗುಳ್ನಗುತ್ತದೆ, ಸಾಯುವಾಗ ಕೋಣೆಯೆಲ್ಲ ಪರಿಮಳ. ಓದಿ ಮುಗಿಸಿದವರಿಗೆ ಉಳಿಯುವುದು ಇವರು ಒಳ್ಳೆಯವರು, ನಾನು ಕೆಟ್ಟವಳು ಎಂಬ ತೀರ್ಪು ಮಾತ್ರ. 2018ರ ಆಗಸ್ಟ್ ಮಳೆಗೆ ಗುಡ್ಡ ಜರಿದು ನಮ್ಮ ತೋಟದ ಕೆಳಭಾಗ ಹೊಳೆಯ ಪಾಲಾದಾಗ ಇಂಥ ಕಿರುಹೊತ್ತಗೆಗಳು ಮನೆಗೆ ರಾಶಿ ರಾಶಿಯಾಗಿ ಬಂದವು. ಅಕ್ಕಿ, ಕಂಬಳಿ, ಟಾರ್ಪಾಲು ಕೊಟ್ಟವರನ್ನು ಇಂದಿಗೂ ನೆನೆಯುತ್ತೇನೆ. ಹೊತ್ತಗೆಗಳನ್ನು ಬೀರುವಿನ ಮೇಲಿಟ್ಟೆ.

ನಮ್ಮದು ಕೊಡಗಿನ ಮಾದಾಪುರದ ಕಡೆ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಎಂಬ ಹೆಸರುಗಳು ಆ ವಾರ ಪತ್ರಿಕೆಗಳ ಮುಖಪುಟದಲ್ಲಿದ್ದುದು ಹಲವರಿಗೆ ನೆನಪಿರಬಹುದು. ನಮ್ಮ ಮನೆ ಉಳಿಯಿತು, ಗೋಡೆಗಳು ಬಿರುಕು ಬಿಟ್ಟವು. ಹಳೆಯ ರೊಬಸ್ಟಾ ಗಿಡಗಳೂ ಅವುಗಳ ನೆರಳಿನ ಮರಗಳೂ ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಗಳೂ ಹೋದವು. ಕಾಫಿ ಗಿಡ ನೆಟ್ಟರೆ ಲೆಕ್ಕಕ್ಕೆ ಬರುವ ಫಸಲು ಸಿಗಲು ನಾಲ್ಕೈದು ವರ್ಷ ಬೇಕು. ಜಾಗವೇ ಇಲ್ಲದಿದ್ದರೆ ನೆಡುವುದೆಲ್ಲಿ? ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಸಣ್ಣದೊಂದು ಪಿಂಚಣಿ ಇತ್ತು, ಅದರಿಂದ ಒಲೆ ಉರಿಯಿತು. ಯಜಮಾನರು ಮಾತ್ರ ಜರಿದ ಬರೆಯ, ಅಂದರೆ ಗುಡ್ಡದ ಕಡಿದಾದ ಮಗ್ಗುಲಿನ, ಅಂಚಿಗೆ ಹೋಗಿ ನಿಂತು ಬರುವುದನ್ನೇ ದಿನಚರಿ ಮಾಡಿಕೊಂಡರು.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂದಾಗ ನಮ್ಮ ಚರ್ಚಿನ ಧರ್ಮಕೇಂದ್ರದ ಸಿಸ್ಟರ್ ಮನೆಗೆ ಬಂದರು. ನೆರೆಹೊರೆಯ ಕುಟುಂಬಗಳು ಸೇರುವ ವಾರ್ಡ್ ಪ್ರಾರ್ಥನೆಯಲ್ಲಿ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಯಾರಾದರೊಬ್ಬ ಆದರ್ಶ ಕ್ರೈಸ್ತರ ಬದುಕನ್ನು ಹೇಳಬೇಕಂತೆ, ಆ ಕೆಲಸ ನನ್ನದಂತೆ. "ಟೀಚರ್, ನಿಮಗೆ ಮಾತಾಡಲು ಬರುತ್ತದೆ" ಎಂದರು. "ಸಿಸ್ಟರ್, ನನಗೆ ನಂಬಲು ಬರಬೇಕಲ್ಲ" ಎಂದೆ. ಅವರು ನಕ್ಕು ಚಹಾ ಕುಡಿದು ಹೋದರು. ಕೆಲಸ ನನ್ನ ಕೊರಳಿಗೆ ಬಿತ್ತು.

ಒಪ್ಪಿಕೊಳ್ಳುವ ಮೊದಲು ಕೆಲವು ಷರತ್ತು ಹಾಕಿದ್ದೆ. ಹೇಳುವ ವ್ಯಕ್ತಿ ಹೆಚ್ಚುಕಡಿಮೆ ನಮ್ಮ ಅಜ್ಜ ಅಜ್ಜಿಯರ ಕಾಲದಿಂದ ಈಚೆಗೆ ಬದುಕಿದವರಾಗಿರಬೇಕು. ಫೋಟೋ ಸಿಗಬೇಕು. ಕಣ್ಣಾರೆ ಕಂಡವರ ಸಾಕ್ಷ್ಯ ಇರಬೇಕು. ಪವಾಡಗಳ ಪಟ್ಟಿ ಬೇಡ. ಮೈಸೂರಿನಲ್ಲಿರುವ ಮಗಳು ಗ್ರಂಥಾಲಯದಿಂದ ಪುಸ್ತಕ ತಂದು ಬೇಕಾದ ಪುಟಗಳ ಫೋಟೋ ತೆಗೆದು ಮೊಬೈಲಿಗೆ ಕಳುಹಿಸುತ್ತಿದ್ದಳು. ನಮ್ಮಲ್ಲಿ ಸಿಗ್ನಲ್ ಸಿಗುವುದು ಕಾಫಿ ಕಣದ ಮೂಲೆಯಲ್ಲಿ ಮಾತ್ರ. ಸಂಜೆ ಅಲ್ಲಿ ಕುರ್ಚಿ ಹಾಕಿಕೊಂಡು ಓದಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ.

ಮೊದಲು ಆರಿಸಿಕೊಂಡದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ, ಪೋಲೆಂಡಿನ ಪಾದ್ರಿ ಮ್ಯಾಕ್ಸಿಮಿಲಿಯನ್ ಕೋಲ್ಬೆಯನ್ನು. 1941ರಲ್ಲಿ ನಾಜಿಗಳ ಆಶ್‌ವಿಟ್ಜ್ ಶಿಬಿರದಿಂದ ಕೈದಿಯೊಬ್ಬ ತಪ್ಪಿಸಿಕೊಂಡನೆಂದು ಹತ್ತು ಮಂದಿಯನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಿದರು. ಅವರಲ್ಲಿ ಫ್ರಾನ್ಸಿಸ್ಜೆಕ್ ಗಾಯೊವ್ನಿಚೆಕ್ ಎಂಬಾತ ಹೆಂಡತಿ ಮಕ್ಕಳನ್ನು ನೆನೆದು ಅತ್ತ. ಕೋಲ್ಬೆ ಸಾಲಿನಿಂದ ಮುಂದೆ ಬಂದು ಅವನ ಬದಲು ತನ್ನನ್ನು ಕರೆದೊಯ್ಯಿರಿ ಎಂದರು. ಎರಡು ವಾರ ಅನ್ನ ನೀರಿಲ್ಲದೆಯೂ ಜೀವ ಹೋಗದಿದ್ದಾಗ ಆಗಸ್ಟ್ 14ರಂದು ವಿಷದ ಸೂಜಿ ಚುಚ್ಚಿ ಕೊಂದರು. ಹೇಳಿ ಮುಗಿಸಿದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಒಳಗೊಳಗೇ ಕಸಿವಿಸಿ. ಅಂಥ ಕ್ಷಣ ನಮ್ಮಂಥವರ ಬದುಕಿನಲ್ಲಿ ಬರುವುದೇ ಇಲ್ಲ. ನಮಗೆ ಬರುವುದು ಬೆಳಗಿನ ಜಾವ, ಸಾಲದ ಕಂತು, ಕಾಳುಕೊರಕ ಹಿಡಿದ ಕಾಫಿ.

ಆಗ ಮೂಲೆಯಲ್ಲಿ ಕೂತಿದ್ದ ಮೇಸ್ತ್ರಿ ತಾತ ಕೇಳಿದರು: "ಟೀಚರಮ್ಮ, ಆ ಉಳಿದವನು ಆಮೇಲೆ ಏನಾದ?"

ತೋಟದಲ್ಲಿ ಆಳುಗಳ ಮೇಲೆ ಮೇಸ್ತ್ರಿಯಾಗಿ ತಲೆ ನೆರೆದವರು ಅವರು. ಗುಡ್ಡ ಜರಿದ ದಿನ ಅವರ ಲೈನ್ ಮನೆ ಉಳಿಯಿತು, ಪಕ್ಕದ್ದು ಹೋಯಿತು. ಪ್ರಶ್ನೆ ಎಲ್ಲಿಂದ ಬಂದಿತೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮುಂದಿನ ವಾರ ಹೇಳುತ್ತೇನೆ ಎಂದೆ.

ಹುಡುಕಿದಾಗ ಸಿಕ್ಕಿದ ಸಂಗತಿ ಯಾವ ಹೊತ್ತಗೆಯೂ ನನಗೆ ಹೇಳದೇ ಇದ್ದದ್ದು. ಗಾಯೊವ್ನಿಚೆಕ್ ಐದು ವರ್ಷಕ್ಕೂ ಹೆಚ್ಚು ಕಾಲ ಶಿಬಿರಗಳಲ್ಲಿ ಕಳೆದು ಜೀವಂತ ಮನೆಗೆ ಬಂದ. ಹೆಂಡತಿ ಬದುಕಿದ್ದಳು. ಯಾರನ್ನು ನೆನೆದು ಅತ್ತಿದ್ದನೋ ಆ ಇಬ್ಬರು ಗಂಡುಮಕ್ಕಳು ಯುದ್ಧದ ಕೊನೆಯ ತಿಂಗಳುಗಳಲ್ಲಿ ದಾಳಿಗೆ ಸಿಕ್ಕಿ ತೀರಿಕೊಂಡಿದ್ದರು. ತನಗಾಗಿ ಇನ್ನೊಬ್ಬ ಸತ್ತನೆಂಬ ಅಳುಕು ಬಹುಕಾಲ ಕಾಡಿತೆಂದು ಆತನೇ ಹೇಳಿಕೊಂಡಿದ್ದಾನೆ. ಆದರೂ ಊರೂರು ತಿರುಗಿ ಕೋಲ್ಬೆಯ ಕಥೆ ಹೇಳಿದ. 1982ರಲ್ಲಿ ರೋಮಿನಲ್ಲಿ ಕೋಲ್ಬೆಯನ್ನು ಸಂತರೆಂದು ಘೋಷಿಸಿದಾಗ ಅಲ್ಲಿದ್ದ. 1995ರಲ್ಲಿ, ತೊಂಬತ್ತು ದಾಟಿದ ಮೇಲೆ, ಹಾಸಿಗೆಯಲ್ಲಿ ಸತ್ತ. ಇದನ್ನು ಹೇಳಿದ ದಿನ ಯಾರೂ ಅಳಲಿಲ್ಲ. ಮೇಸ್ತ್ರಿ ತಾತ "ಐವತ್ತು ವರ್ಷಕ್ಕೂ ಮೇಲೆ ಬದುಕಬೇಕಾಯಿತು, ಪಾಪ" ಎಂದರು. ಆ 'ಪಾಪ'ದಲ್ಲಿ ನನಗೆ ಕೇಳಿಸಿದಷ್ಟು ದೈವಶಾಸ್ತ್ರ ಎಷ್ಟೋ ಪ್ರಬೋಧನೆಗಳಲ್ಲಿ ಕೇಳಿಸಿಲ್ಲ.

ಅಲ್ಲಿಂದಾಚೆಗೆ ನನ್ನ ಹುಡುಕಾಟದ ದಿಕ್ಕು ಬದಲಾಯಿತು. ಯಾವ ಹೆಸರು ಬಂದರೂ ದೊಡ್ಡ ಘಟನೆಯನ್ನು ಎರಡು ಮಾತಿನಲ್ಲಿ ಮುಗಿಸಿ, ಆಮೇಲಿನ ವರ್ಷಗಳನ್ನು ಕೆದಕುವುದು. ಎಲ್ಲ ಪುಸ್ತಕಗಳೂ ಅಲ್ಲಿಗೆ ಬಂದಾಗ ಒಂದೇ ಪ್ಯಾರಾದಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತವೆ. ಅದು ಸಿಟ್ಟು ಬರಿಸುತ್ತಿತ್ತು.

ಹಾಗೆ ಸಿಕ್ಕಿದವರಲ್ಲಿ ನನಗೆ ತೀರಾ ಹತ್ತಿರವಾದವಳು ಆಸ್ಟ್ರಿಯಾದ ಒಬ್ಬ ರೈತನ ಹೆಂಡತಿ. ಗಂಡ ಫ್ರಾನ್ಸ್ ಯೇಗರ್‌ಸ್ಟೆಟರ್, ಸಾಂಕ್ಟ್ ರಾಡೆಗುಂಡ್ ಎಂಬ ಹಳ್ಳಿಯ ರೈತ, ಊರ ದೇವಾಲಯದ ಪರಿಚಾರಕ. ಹಿಟ್ಲರನ ಸೈನ್ಯದಲ್ಲಿ ಹೋರಾಡುವುದು ತನ್ನ ಮನಸ್ಸಾಕ್ಷಿಗೆ ಒಪ್ಪದು ಎಂದ. ಊರಿನವರೂ ಗುರುಗಳೂ ಬಿಷಪರೂ ಹೆಂಡತಿ ಮಕ್ಕಳ ಮುಖ ನೋಡು ಎಂದು ಬುದ್ಧಿ ಹೇಳಿದರು. ಕೇಳಲಿಲ್ಲ. 1943ರ ಆಗಸ್ಟ್ 9ರಂದು ತಲೆ ಕಡಿದರು. ಪುಸ್ತಕಗಳಿಗೆ ಬೇಕಾದದ್ದು ಇಷ್ಟೇ. ಹೆಂಡತಿ ಫ್ರಾನ್ಸಿಸ್ಕಾಗೆ ಆಗ ಮೂವತ್ತು ವರ್ಷ, ಮೂರು ಹೆಣ್ಣುಮಕ್ಕಳು, ಹೊಲ, ದನಕರು. ಗಂಡನನ್ನು ತಡೆಯಲಿಲ್ಲವೆಂದು ಊರು ಅವಳನ್ನೇ ದೂರಿತು. ಯುದ್ಧದಲ್ಲಿ ಸತ್ತವರ ವಿಧವೆಯರಿಗೆ ಸಿಗುತ್ತಿದ್ದ ವೇತನವನ್ನು ವರ್ಷಗಟ್ಟಲೆ ಇವಳಿಗೆ ಕೊಡಲಿಲ್ಲ. 1960ರ ದಶಕದಲ್ಲಿ ಗಾರ್ಡನ್ ಝಾನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಹುಡುಕಿಕೊಂಡು ಹೋಗಿ ಬರೆಯುವವರೆಗೆ ಹೊರಜಗತ್ತಿಗೆ ಗಂಡನ ಹೆಸರೂ ಗೊತ್ತಿರಲಿಲ್ಲ. ಧರ್ಮಸಭೆ ಅವನನ್ನು ಧನ್ಯನೆಂದು (ಸಂತ ಪದವಿಗೆ ಹಿಂದಿನ ಮೆಟ್ಟಿಲು ಅದು) ಘೋಷಿಸಿದ್ದು 2007ರಲ್ಲಿ. ಫ್ರಾನ್ಸಿಸ್ಕಾ ತೊಂಬತ್ತನಾಲ್ಕರ ವಯಸ್ಸಿನಲ್ಲಿ ಆ ಪೂಜೆಯಲ್ಲಿ ಕೂತಿದ್ದಳು. ನೂರು ತುಂಬಿದ ಮೇಲೆ 2013ರಲ್ಲಿ ತೀರಿಕೊಂಡಳು.

ಆ ಅರವತ್ತನಾಲ್ಕು ವರ್ಷ ಅವಳು ಏನು ಮಾಡಿದಳು? ಹಾಲು ಕರೆದಳು, ಹುಲ್ಲು ಕೊಯ್ದಳು, ಮಕ್ಕಳನ್ನು ಬೆಳೆಸಿದಳು, ಪೂಜೆಗೆ ಹೋದಳು. ದೂರಿದವರ ಪಕ್ಕದ ಬೆಂಚಿನಲ್ಲೇ ಕೂತಳು. ಈ ಭಾಗವನ್ನು ನಾನು ಮನೆಯಲ್ಲಿ ಯಜಮಾನರ ಮುಂದೆ ಒಮ್ಮೆ ಓದಿ ನೋಡಿದೆ, ವಾರ್ಡಿನಲ್ಲಿ ಹೇಳುವ ಮೊದಲು ನಾಲಿಗೆ ಹೊರಳಲಿ ಎಂದು. ಅವರು ಮುಖ ಎತ್ತದೆ ಕೇಳಿದರು: "ಹೊಲ ಕೊನೆಗೆ ಯಾರು ನೋಡಿಕೊಂಡರು?" ಅವಳೇ ಎಂದೆ. ಏನೂ ಹೇಳಲಿಲ್ಲ. ಆ ವಾರ ಸುಂಟಿಕೊಪ್ಪಕ್ಕೆ ಹೋಗಿ ನರ್ಸರಿಯಲ್ಲಿ ಸಸಿಯ ದರ ವಿಚಾರಿಸಿಕೊಂಡು ಬಂದರು. ಕಥೆ ಕೇಳಿ ಮನಸ್ಸು ಬದಲಾಯಿತೆಂದು ನಾನು ಹೇಳುತ್ತಿಲ್ಲ. ಮಳೆಗಾಲ ಹತ್ತಿರವಿತ್ತು, ಸಸಿ ನೆಡುವ ಕಾಲವೂ ಅದೇ.

ಎಲ್ಲರ ಕಥೆಯೂ ಹೀಗೆ ಹಿಡಿಸಿತೆಂದಲ್ಲ. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಬಗ್ಗೆ ಹೇಳಿದ ದಿನ ನನಗೆ ಪೆಟ್ಟು ಬಿತ್ತು. ಕೊಚ್ಚಿಯ ಹುಡುಗಿ, 1954ರಲ್ಲಿ ಗೆಳೆಯರ ಜೊತೆ ಹೋಗುವಾಗ ವಾಹನ ಮಗುಚಿ ಬೆನ್ನುಹುರಿ ಮುರಿಯಿತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಕುಷ್ಠರೋಗಿಗಳ ಮುದುಡಿದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ನೇರ ಮಾಡುತ್ತಿದ್ದ ಡಾಕ್ಟರ್ ಪಾಲ್ ಬ್ರಾಂಡ್, ಕೈ ಶಸ್ತ್ರಚಿಕಿತ್ಸೆಯನ್ನು ಕೂತುಕೊಂಡೇ ಮಾಡಬಹುದಲ್ಲ ಎಂದು ಅವರನ್ನು ಒಪ್ಪಿಸಿದರು. ಮೇರಿ ಗಾಲಿಕುರ್ಚಿಯಲ್ಲಿ ಕೂತು ಚಾಕು ಹಿಡಿದರು, ಆಸ್ಟ್ರೇಲಿಯಾಕ್ಕೂ ಅಮೆರಿಕಕ್ಕೂ ಹೋಗಿ ಪುನರ್ವಸತಿ ವೈದ್ಯಕೀಯ ಕಲಿತರು. ಅವರ ಶ್ರಮದಿಂದ 1966ರಲ್ಲಿ ವೆಲ್ಲೂರಿನಲ್ಲಿ ಅಂಗವಿಕಲರ ಪುನರ್ವಸತಿ ಸಂಸ್ಥೆ ಆರಂಭವಾಯಿತು. 1972ರಲ್ಲಿ ಪದ್ಮಶ್ರೀ ಬಂತು. ಹೇಳುವಾಗ ನನ್ನ ಕಣ್ಣು ಎದುರಿಗಿದ್ದ ಒಬ್ಬ ಹೆಂಗಸಿನ ಮೇಲಿತ್ತು. ಅವಳ ಗಂಡ ಮೆಣಸು ಕೊಯ್ಯುವಾಗ ಬಿದಿರು ಏಣಿಯಿಂದ ಬಿದ್ದು ಮಲಗಿದ್ದಾನೆ. ಸಿಲ್ವರ್ ಓಕ್ ಮರದೆತ್ತರಕ್ಕೆ ಏಣಿ ಒರಗಿಸಿ ಹತ್ತುವ ಈ ಕೆಲಸದಲ್ಲಿ ಬಿದ್ದವರು ನಮ್ಮಲ್ಲಿ ಊರಿಗೊಬ್ಬರಿದ್ದಾರೆ.

ಆಕೆ ಎದ್ದು ನಿಂತಳು. "ಅಕ್ಕ, ಅವರು ಡಾಕ್ಟರ್. ಅಲ್ಲಿ ಆಸ್ಪತ್ರೆಯ ನೆಲ ಸಪಾಟು. ನಮ್ಮ ಮನೆಯಿಂದ ರಸ್ತೆಗೆ ಬರಲು ಎಷ್ಟು ಮೆಟ್ಟಿಲಿದೆ ಗೊತ್ತೇ? ಅವನಿಗೆ ಯಾವ ಪದ್ಮಶ್ರೀ ಬೇಕು?"

ಸರಿಯಾದ ಮಾತು. ಸಿಸ್ಟರ್ ಏನೋ ಸಮಾಧಾನ ಹೇಳಲು ಹೊರಟರು, ನಾನು ಕೈ ಹಿಡಿದು ಕೂರಿಸಿದೆ. ಮುಂದಿನ ಭಾನುವಾರ ವಾರ್ಡಿನ ಹುಡುಗರು ಮರಳು ಸಿಮೆಂಟು ಹೊತ್ತುಕೊಂಡು ಹೋಗಿ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಹಾಕಿದರು. ಅದು ಎಷ್ಟು ಕಡಿದಾಗಿತ್ತೆಂದರೆ ಗಾಲಿಕುರ್ಚಿ ಬಿಟ್ಟರೆ ನೇರ ಹಾರಂಗಿಗೆ ಹೋಗಿ ನಿಲ್ಲಬೇಕು. ಒಡೆದು, ಎರಡು ತಿರುವು ಕೊಟ್ಟು ಮತ್ತೆ ಹಾಕಿದರು. ಈಗ ಆತ ರಸ್ತೆ ಬದಿಗೆ ಬಂದು ಕೂರುತ್ತಾನೆ, ಹೋಗಿ ಬರುವವರನ್ನು ಮಾತಾಡಿಸುತ್ತಾನೆ, ಬೈಯುತ್ತಾನೆ. ಮೇರಿ ವರ್ಗೀಸರ ಹೆಸರು ಅವನಿಗೆ ನೆನಪಿರುವುದು ಅನುಮಾನ.

ಎಲ್ಲರೂ ಮೆಚ್ಚಿದ್ದು ಪಾಲ್ ಬ್ರಾಂಡರ ತಾಯಿ ಇವಲಿನ್ ಅಜ್ಜಿಯನ್ನು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಗಂಡನ ಜೊತೆ ಸೇವೆಗಿದ್ದಳು. 1929ರಲ್ಲಿ ಗಂಡ ಮಲೇರಿಯಾದ ತೀವ್ರ ತೊಡಕಾದ ಕಪ್ಪುಮೂತ್ರ ಜ್ವರದಿಂದ ಸತ್ತ. ಕೊಡಗಿನ ಹಿರಿಯರಿಗೆ ಈ ಜ್ವರದ ಭಯ ಬಿಡಿಸಿ ಹೇಳಬೇಕಿಲ್ಲ. ವಯಸ್ಸಾಯಿತು, ನಿವೃತ್ತಳಾಗು ಎಂದು ಮಿಷನ್ ಹೇಳಿದಾಗ ಒಪ್ಪಿದಂತೆ ಮಾಡಿ ಸ್ವಂತ ಖರ್ಚಿನಲ್ಲಿ ಬೆಟ್ಟಕ್ಕೆ ಮರಳಿದಳು. ಕುದುರೆ ಏರಿ ಹಳ್ಳಿ ಹಳ್ಳಿ ಸುತ್ತಿದಳು, ಬಿದ್ದು ಮೂಳೆ ಮುರಿದುಕೊಂಡಳು, ಮತ್ತೆ ಏರಿದಳು. 1974ರಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಳು. ನಮ್ಮ ಅತ್ತೆಗೆ ಈ ಕಥೆ ಹೇಳಿದ ದಿನದಿಂದ ಅವರನ್ನು "ಕೂತುಕೊಳ್ಳಿ" ಎನ್ನುವ ಹಾಗಿಲ್ಲ.

ಅತ್ತೆಯ ವಿಷಯ ಬಂದುದರಿಂದ ಇನ್ನೊಂದು ಮಾತು. ಜರಿತದ ನಂತರ ಅವರು ಜಪಸರ ಹಿಡಿಯುವುದನ್ನು ಬಿಟ್ಟಿದ್ದರು. ಮದರ್ ತೆರೇಸಾ ತಮ್ಮ ಆತ್ಮಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಪ್ರಕಟವಾದಾಗ, ಸುಮಾರು ಐವತ್ತು ವರ್ಷ ಅವರಿಗೆ ಪ್ರಾರ್ಥನೆಯಲ್ಲಿ ದೇವರು ಸಿಕ್ಕಿರಲಿಲ್ಲ, ಬರೀ ಕತ್ತಲೆ ಎಂಬುದು ಲೋಕಕ್ಕೆ ಗೊತ್ತಾಯಿತು. ಕೆಲಸ ಮಾತ್ರ ನಿಲ್ಲಿಸಿರಲಿಲ್ಲ. ಇದನ್ನು ಕೇಳಿದ ಅತ್ತೆ "ಅಷ್ಟು ದೊಡ್ಡವರಿಗೇ ಹಾಗಾದರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಜಪಸರ ಮತ್ತೆ ಹಿಡಿದದ್ದು ಎಷ್ಟೋ ಕಾಲದ ಮೇಲೆ. ಯಾಕೆಂದು ನಾನು ಕೇಳಲು ಹೋಗಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಕ್ಷಮೆಯ ವಿಷಯ. ನಮ್ಮ ತೋಟದ ಮೇಲ್ಭಾಗದಲ್ಲಿ ಒಬ್ಬರು ಕಟ್ಟಡಕ್ಕಾಗಿ ಗುಡ್ಡವನ್ನು ಯಂತ್ರದಿಂದ ನೆಟ್ಟಗೆ ಕತ್ತರಿಸಿದ್ದರು. ಇಳಿಜಾರನ್ನು ಹಾಗೆ ಕಡಿದರೆ ಮಳೆನೀರು ಒಳಗಿಳಿದು ಮಣ್ಣು ಸಡಿಲವಾಗಿ ಬರೆ ನಿಲ್ಲುವುದಿಲ್ಲ. ಇದು ಮಕ್ಕಳಿಗೂ ಗೊತ್ತು. ಅವರು ಬಂದು ಒಂದು ಮಾತು ಆಡಲಿಲ್ಲ. ಹೀಗಿರುವಾಗ ಧನ್ಯ ರಾಣಿ ಮರಿಯಾ ಬಗ್ಗೆ ಹೇಳಿ ಎಂದು ಸಿಸ್ಟರ್ ಸೂಚಿಸಿದರು. ಬೇಕೆಂದೇ ಸೂಚಿಸಿದರೆಂದು ನನ್ನ ಗುಮಾನಿ.

ಕೇರಳದಿಂದ ಮಧ್ಯಪ್ರದೇಶಕ್ಕೆ ಹೋದ ಕನ್ಯಾಸ್ತ್ರೀ ರಾಣಿ ಮರಿಯಾ. ಆದಿವಾಸಿಗಳನ್ನು ಸಾಲಗಾರರ ಹಿಡಿತದಿಂದ ಬಿಡಿಸಲು ಸಂಘ ಕಟ್ಟಿದ್ದರು. 1995ರ ಫೆಬ್ರವರಿ 25ರಂದು ಇಂದೋರಿಗೆ ಹೊರಟಿದ್ದ ಬಸ್ಸಿನಲ್ಲಿ ಸಮುಂದರ್ ಸಿಂಗ್ ಎಂಬ ಯುವಕ ಅವರನ್ನು ಇರಿದು ಕೊಂದ. ಹಣವಂತರು ಕಳುಹಿಸಿದ ಆಳು ಆತ. ರಾಣಿ ಮರಿಯಾರ ತಂಗಿ ಸೆಲ್ಮಿ ಪೌಲ್ ಕೂಡ ಕನ್ಯಾಸ್ತ್ರೀ. ಅವರು 2002ರಲ್ಲಿ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಮನೆಯವರೇ ಮನವಿ ಕೊಟ್ಟು 2006ರಲ್ಲಿ ಬಿಡುಗಡೆ ಮಾಡಿಸಿದರು. ಅವನು ಊರಿಗೆ ಹೋದಾಗ ಆ ತಾಯಿ ಅವನ ಕೈಗೆ ಮುತ್ತಿಟ್ಟರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾರನ್ನು ಧನ್ಯರೆಂದು ಘೋಷಿಸಿದಾಗ ಸಮುಂದರ್ ಸಿಂಗ್ ಜನರ ನಡುವೆ ಇದ್ದ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್ ಕೂಡ ಕೊಂದವರನ್ನು ಕ್ಷಮಿಸಿದ್ದೇನೆ ಎಂದು, ಬಾರಿಪದದ ಕುಷ್ಠರೋಗಿಗಳ ನಡುವೆ ಇನ್ನೂ ಕೆಲವು ವರ್ಷ ಉಳಿದರು.

ಈ ಕಥೆ ಹೇಳಿದ ರಾತ್ರಿ ಮೈದುನ ನೇರವಾಗಿ ಕೇಳಿದ: "ಅತ್ತಿಗೆ, ಹಾಗಾದರೆ ಮೇಲಿನ ತೋಟದವರನ್ನು ಕ್ಷಮಿಸಬೇಕೇ?" ನಾನು ದಿನಾಂಕಗಳನ್ನು ತೋರಿಸಿದೆ. 1995ರಲ್ಲಿ ಕೊಲೆ, 2002ರಲ್ಲಿ ರಾಖಿ, 2006ರಲ್ಲಿ ಬಿಡುಗಡೆ. ನಡುವೆ ಪೊಲೀಸರು, ವಿಚಾರಣೆ, ಶಿಕ್ಷೆ, ಜೈಲಿನಲ್ಲಿ ಆತನ ಪಶ್ಚಾತ್ತಾಪ ಎಲ್ಲ ಆಗಿವೆ. ಆ ಮನೆಯವರು ಕೊಲೆ ನಡೆದೇ ಇಲ್ಲವೆಂದು ಕ್ಷಮಿಸಲಿಲ್ಲ, ನಡೆದಿದೆ ಎಂದು ಲೋಕವೆಲ್ಲ ಒಪ್ಪಿದ ಮೇಲೂ ಕ್ಷಮಿಸಿದರು. ಬಡವರಿಗೆ ಕ್ಷಮೆ ಬೋಧಿಸಿ ದೂರು ಹಿಂದಕ್ಕೆ ತೆಗೆಸುವ ಚಾಳಿ ನಮ್ಮ ಸಭೆಗಳಲ್ಲಿ ಇದೆ. ರಾಣಿ ಮರಿಯಾರ ಹೆಸರನ್ನು ಅದಕ್ಕೆ ಬಳಸಿದರೆ ನಾನು ಎದ್ದು ನಿಲ್ಲುತ್ತೇನೆ. ನಮ್ಮ ಅರ್ಜಿ ಇನ್ನೂ ಕಚೇರಿಯಲ್ಲಿದೆ. ಮೇಲಿನ ತೋಟದವರು ರಸ್ತೆಯಲ್ಲಿ ಸಿಕ್ಕರೆ ಮೊದಲು ಮುಖ ತಿರುಗಿಸುತ್ತಿದ್ದೆ. ಈಗ ನಮಸ್ಕಾರ ಎನ್ನುತ್ತೇನೆ. ಸದ್ಯಕ್ಕೆ ನನ್ನಿಂದ ಆಗುವುದು ಅಷ್ಟೇ.

ತಪಸ್ಸುಕಾಲಕ್ಕೆಂದು ಶುರುವಾದದ್ದು ಈಸ್ಟರ್ ದಾಟಿ, ಕೊರೊನಾ ಕಾಲದಲ್ಲಿ ನಿಂತು, ಮತ್ತೆ ಶುರುವಾಗಿ ನಡೆಯುತ್ತಲೇ ಇದೆ. ಮೇಸ್ತ್ರಿ ತಾತ ಈಗಿಲ್ಲ. ಅವರ ಪ್ರಶ್ನೆಯನ್ನು ಕೇಳುವವರು ಬೇರೆ ಇದ್ದಾರೆ. ನಾನು ಮರೆತರೆ ಹುಡುಗರೇ "ಆಮೇಲೆ?" ಎನ್ನುತ್ತಾರೆ. ಅತ್ತೆಗೆ ವಿದೇಶಿಯರ ಹೆಸರು ಜಾಸ್ತಿಯಾಯಿತೆಂದು ಅಸಮಾಧಾನ. ಅವರ ಒತ್ತಾಯಕ್ಕೆ ಒಮ್ಮೆ ನಮ್ಮೂರಿನ ನಿವೃತ್ತ ದಾದಿಯೊಬ್ಬರ ಬಗ್ಗೆ ಹೇಳಲು ಹೊರಟೆ. ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಲೈನ್ ಮನೆಗಳಿಗೆ ನಡೆದು ಹೆರಿಗೆ ಮಾಡಿಸಿದವರು. ಅವರು ಅಲ್ಲೇ ಕೂತಿದ್ದರು. ನಾಲ್ಕು ವಾಕ್ಯ ಆಗುವಷ್ಟರಲ್ಲಿ "ಸುಳ್ಳು ಹೇಳಬೇಡ ಟೀಚರ್, ಎಷ್ಟೋ ಸಲ ಹೋಗಲು ಮನಸ್ಸಿಲ್ಲದೆ ಬೈದುಕೊಂಡೇ ಹೋಗಿದ್ದೇನೆ" ಎಂದು ತಡೆದರು. ಬೈದುಕೊಂಡು ಹೋದದ್ದನ್ನೂ ಸೇರಿಸಿಯೇ ಮುಂದುವರಿಸಿದೆ. ಎಲ್ಲರಿಗೂ ಹಿಡಿಸಿತು, ಅವರೊಬ್ಬರನ್ನು ಬಿಟ್ಟು.

ಮೊನ್ನೆ ಪಿಯುಸಿ ಓದುವ ಹುಡುಗಿಯೊಬ್ಬಳು ಕಾರ್ಲೋ ಅಕುಟಿಸ್ ಬಗ್ಗೆ ಯಾಕೆ ಹೇಳುವುದಿಲ್ಲ ಎಂದು ಜಗಳಕ್ಕೆ ಬಂದಳು. ಇಟಲಿಯ ಹುಡುಗ, ಕಂಪ್ಯೂಟರ್ ಬಲ್ಲವನು, ರಕ್ತದ ಕ್ಯಾನ್ಸರಿನಿಂದ 2006ರಲ್ಲಿ ಹದಿನೈದನೆಯ ವಯಸ್ಸಿಗೆ ತೀರಿಕೊಂಡವನು, 2025ರ ಸೆಪ್ಟೆಂಬರಿನಲ್ಲಿ ಸಂತನಾದವನು. ಜೀನ್ಸ್ ತೊಟ್ಟ ಸಂತನೆಂದು ಮಕ್ಕಳಿಗೆ ಬಲು ಪ್ರೀತಿ. ನನಗೆ ಅಷ್ಟು ಉತ್ಸಾಹ ಬರಲಿಲ್ಲ. "ಹದಿನೈದು ವರ್ಷದ ಬದುಕಿನಲ್ಲಿ ಆಮೇಲೆ ಎಂಬುದೇ ಇಲ್ಲವಲ್ಲ ಮಗಳೇ, ನಾನು ಏನು ಹೇಳಲಿ?" ಎಂದೆ.

"ಅವನಿಗಿಲ್ಲ ಆಂಟಿ, ಅವನ ಅಮ್ಮನಿಗಿದೆ. ಒಬ್ಬನೇ ಮಗ ಸತ್ತ ಮೇಲೆ 2010ರಲ್ಲಿ ಅವರಿಗೆ ಅವಳಿ ಮಕ್ಕಳಾದವು, ಗೊತ್ತೇ?"

ಗೊತ್ತಿರಲಿಲ್ಲ. ಮುಂದಿನ ವಾರ ನೀನೇ ಹೇಳು, ಅಮ್ಮನದನ್ನೇ ಹೇಳು ಎಂದೆ. ಫೋಟೋ ಹುಡುಕುತ್ತಿದ್ದಾಳಂತೆ.